ನಿನ್ನ ಹಣೆಯ ಮೇಲಿನ ಬೂದಿ

ನೀಲಾ, ನಿನ್ನ ಮೆಗ್ನೀಸಿಯಂ ಪಟ್ಟಿಯನ್ನು ಸುಟ್ಟವಳು ನಾನು — ನಿನ್ನ ಅಕ್ಕ. ಅದನ್ನು ನೀನು ಕಳೆದುಕೊಂಡಿರಲಿಲ್ಲ.

ಆಗ ನೀನಿನ್ನೂ ಹುಡುಗಿ. ಬೈಲಹೊಂಗಲದ ಶಾಲೆಯಲ್ಲಿ ಮರುದಿನ ಎಲ್ಲರೆದುರು ಪ್ರಯೋಗ ತೋರಿಸಬೇಕಾಗಿದ್ದವಳು ನೀನು. ಮಾಸ್ತರರು ನಂಬಿ ಕೊಟ್ಟಿದ್ದ ಪಟ್ಟಿಯನ್ನು ಮನೆಗೆ ತಂದು, ಮರಳು ಕಾಗದದಿಂದ ಬೆಳ್ಳಿಯಂತೆ ಹೊಳೆಯುವ ತನಕ ತಿಕ್ಕಿ, ನೀನು ದೇವರ ಜಗಲಿಯ ಮೇಲೆ ಇಟ್ಟಿದ್ದೆ. ಬೆಂಕಿ ಹಚ್ಚಿದರೆ ಕಣ್ಣು ಕುಕ್ಕುತ್ತದಂತೆ, ಎಂದು ನನಗೆ ಹೇಳಿದ್ದೆ. ನಾನು ಆರನೇ ಇಯತ್ತೆಗೇ ಶಾಲೆ ಬಿಟ್ಟು ರೊಟ್ಟಿ ಬಡಿಯುತ್ತಿದ್ದವಳು. ಕಬ್ಬಿಣದ ಹಂಚು ದಿನಾ ಒಲೆಯ ಮೇಲಿರುತ್ತದೆ, ಎಂದಾದರೂ ಹೊತ್ತಿ ಉರಿದಿದೆಯೇ? — ನೋಡಬೇಕೆನಿಸಿತು. ತುದಿ ಮಾತ್ರ, ಅಂದುಕೊಂಡೆ. ನೀನು ನೀರಿಗೆ ಹೋದಾಗ ಇಕ್ಕಳದಲ್ಲಿ ಹಿಡಿದು ಒಲೆಗೆ ಒಡ್ಡಿದೆ.

ಆ ಬೆಳಕು — ಹೇಗೆ ಹೇಳಲಿ. ಒಲೆಯ ಉರಿಯೇ ಅದರ ಮುಂದೆ ಮಾಸಿಹೋಯಿತು. ಗೋಡೆಯ ಮಸಿ, ಮೂಲೆಯ ಜೇಡರ ಬಲೆ, ಎಲ್ಲ ಒಮ್ಮೆಲೇ ಕಂಡವು. ಆರಿಸಲು ಊದಿದೆ, ಇನ್ನೂ ಜೋರಾಯಿತು. ಕೊನೆಗೆ ಒಲೆಕಟ್ಟೆಯ ಮೇಲೆ ಉಳಿದದ್ದು ಬೆಳ್ಳನೆಯ ಬೂದಿ. ಅಂಥ ಬೂದಿಯನ್ನು ತಿಪ್ಪೆಗೆ ಚೆಲ್ಲಲು ಕೈ ಬರಲಿಲ್ಲ. ಅಪ್ಪನ ವಿಭೂತಿ ಬಟ್ಟಲಿನಲ್ಲಿ ಬೆರೆಸಿಬಿಟ್ಟೆ.

ಪಟ್ಟಿ ಎಲ್ಲಿ ಎಂದು ಅವ್ವ ಕೇಳಿದಳು. ನಾನು ಅಂದದ್ದು ಇಷ್ಟೇ: "ನಾ ನೋಡಿಲ್ಲ ಬೇ. ಅಕೀನ ಎಲ್ಲೆರ ಕೆಡವಿರಬೇಕು."

ಮುಂಜಾನೆ ಅಪ್ಪ ಎಂದಿನಂತೆ ನಿನ್ನ ಹಣೆಗೂ ಮೂರು ಬೆರಳು ಎಳೆದ. ನೀನು ಹಾಗೆಯೇ ಶಾಲೆಗೆ ಹೋದೆ. "ಇಷ್ಟ ಜ್ವಾಕಿ ಇಲ್ಲದಾಕಿಗೆ ವಿಜ್ಞಾನ ಯಾಕ ಬೇಕು?" ಎಂದರಂತೆ ಮಾಸ್ತರರು, ಎಲ್ಲರೆದುರು. ಅವರು ಕೇಳುತ್ತಿದ್ದುದು ಆಗ ನಿನ್ನ ಹಣೆಯ ಮೇಲೆಯೇ ಇತ್ತು. ಆಮೇಲೆ ನೀನು ಆ ಪುಸ್ತಕವನ್ನು ಮನಸ್ಸಿಟ್ಟು ತೆರೆಯಲೇ ಇಲ್ಲ. ನಾನು ನೋಡುತ್ತಿದ್ದೆ —

ಮೊನ್ನೆ ನೇಸರಗಿಯ ನಿನ್ನ ಮನೆಯಲ್ಲಿ ನಿನ್ನ ಮಗಳು ಅಂಥದೇ ಪಟ್ಟಿ ಸುಟ್ಟು ತೋರಿಸಿದಳಲ್ಲ, ಆ ಲೋಹ ಎಲ್ಲಿ ಹೋಯಿತು ಎಂದು ನಾನು ಕೇಳಿದೆ.

"ಎಲ್ಲೂ ಹೋಗಿಲ್ಲ ದೊಡ್ಡವ್ವಾ. ಗಾಳಿಯೊಳಗಿನ ಆಕ್ಸಿಜನ್ ಅದಕ್ಕ ಕೂಡಿಕೊಂಡು ಬೂದಿ ಆಗೇತಿ. ತೂಗಿದ್ರ ಪಟ್ಟಿಗಿಂತ ಬೂದೀನ ಭಾರ."

ಕಟ್ಟಿಗೆ ಸುಟ್ಟರೆ ಉಳಿಯುವುದು ಹಿಡಿ ಬೂದಿ. ಇದು ನಾವು ಉಸಿರಾಡುವ ಗಾಳಿಯನ್ನೇ ತನ್ನೊಳಗೆ ಹಿಡಿದುಕೊಂಡು ಭಾರವಾಗುತ್ತದೆ. ಜೀವಮಾನವೆಲ್ಲ ಒಲೆಯ ಮುಂದೆ ಕುಳಿತವಳಿಗೆ ಇದು ಗೊತ್ತಿರಲಿಲ್ಲ.

ಆಗ ನೀನು ಕಣ್ಣೊರೆಸಿಕೊಳ್ಳುತ್ತ ಮಗಳಿಗೆ ಅಂದೆ: "ಇನ್ನೊಂದು ತುಂಡ ಐತೇನವ್ವಾ? ನಾ ಇದನ್ನ ಒಮ್ಮೀನೂ ನೋಡಿದ್ದಿಲ್ಲ."

ನಾನು ನೋಡಿದ್ದೆ, ನೀಲಾ. ನಿನ್ನದನ್ನು.