ಎಂಟು ಬಂಗಾರ, ಒಂದು ಕಪ್ಪು

ಮೀನೆಂದರೆ ಮೂಗು ಮುರಿಯುವ ಮನೆ ನಮ್ಮದು. ಈರುಳ್ಳಿ ಹೆಚ್ಚುವ ಮುಂಚೆಯೂ ಇವತ್ತು ತಿಥಿ ಯಾವುದೆಂದು ಕೇಳಬೇಕು. ಅಂಥ ಮನೆಯ ಪಡಸಾಲೆಯಲ್ಲಿ ಒಂಬತ್ತು ಮೀನು ಬಂದು ಸೇರಿದ್ದು ವಾಸ್ತುವಿನ ದೆಸೆಯಿಂದ. ಕಲಬುರಗಿಯ ಆ ಮನೆಯಲ್ಲಿ ನಾವು ಮೂವರೇ: ಅವ್ವ, ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅಣ್ಣ, ಕಮಲಾಪುರದ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿಬಂದು ವಿಜ್ಞಾನ ಕಲಿಸುವ ನಾನು. ಅಣ್ಣನಿಗೂ ನನಗೂ ಮದುವೆ ಕೂಡಿಬರಲಿಲ್ಲ. ಅದು ಮನೆಯ ದೋಷವೆಂದು ಅವ್ವ ತೀರ್ಮಾನಿಸಿದ್ದಳು. ನನ್ನ ನಾಲಿಗೆಯ ದೋಷವೆಂದು ಅಣ್ಣ ಚುಡಾಯಿಸುತ್ತಿದ್ದ.

ವಾಸ್ತು ಹೇಳುವ ದೂರದ ಸಂಬಂಧಿಕರೊಬ್ಬರು ಬಂದು ಬಾಗಿಲು, ಬಚ್ಚಲು ಎಲ್ಲ ನೋಡಿದರು. ಗೋಡೆ ಒಡೆಯಲು ಅಣ್ಣ ಒಪ್ಪದಿದ್ದಾಗ ಸುಲಭದ ದಾರಿ ತೋರಿಸಿದರು. ಈಶಾನ್ಯದಲ್ಲಿ ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ ಬಂಗಾರದ ಬಣ್ಣದ ಎಂಟು ಮೀನು, ಕಪ್ಪನೆಯದು ಒಂದು. ಮನೆಗೆ ಬರುವ ಪೀಡೆಯನ್ನು ಮೀನು ತನ್ನ ಮೈಮೇಲೆ ತೆಗೆದುಕೊಂಡು ಸಾಯುತ್ತದಂತೆ. ಸತ್ತರೆ ಮರುಗಬಾರದು, ಅದರ ಜಾಗಕ್ಕೆ ಇನ್ನೊಂದನ್ನು ತಂದು ಬಿಡಬೇಕು. ಅವ್ವ ಮತ್ಸ್ಯಾವತಾರವನ್ನು ನೆನೆದು ಕೈಮುಗಿದಳು.

ಸೂಪರ್ ಮಾರ್ಕೆಟ್ ಕಡೆಯ ಮೀನಿನಂಗಡಿಯವನಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತಿತ್ತು. ಎರಡಡಿಯ ಪೆಟ್ಟಿಗೆ ಕಟ್ಟಿಕೊಟ್ಟ. ಎಂಟು ಗೋಲ್ಡ್‌ಫಿಶ್ ಹಿಡಿದು ಹಾಕಿದ. ಕಪ್ಪು ಗೋಲ್ಡ್‌ಫಿಶ್ ಇರಲಿಲ್ಲವೆಂದು ಮೈಯೆಲ್ಲ ಕಪ್ಪಾಗಿ ಬಾಲವಷ್ಟೇ ಕೆಂಪಾದ ಚೂಪು ಮೀನೊಂದನ್ನು ಕೊಟ್ಟ. ಹೆಸರಿಗೆ ಅದು ಶಾರ್ಕ್.

"ಇವು ಕೂಡಿ ಇರ್ತಾವೇನ್ರೀ?" ಎಂದು ಕೇಳಿದೆ.

"ಇರ್ತಾವ್ರೀ ಮೇಡಂ. ಮರ್ ಗಯಾ ತೋಭೀ ಅಚ್ಛಾಚ್ ಹೈ, ಬಲಾ ಟಲ್ ಗಯಿ," ಎಂದು ನಕ್ಕ. ಸತ್ತರೂ ಒಳ್ಳೆಯದೇ, ಕಂಟಕ ಕಳೆಯಿತು ಎಂದು ಅವನ ಮಾತು. ಗಿರಾಕಿಯೇ ಮೀನು ಸಾಯಲಿ ಎಂದು ಕೊಳ್ಳುವಾಗ ಅವನಿಗೇನು ಬಾಧೆ?

ಹೊಂದದ ಸಂಬಂಧ ಮಾಡಿಬಿಟ್ಟೆವೆಂದು ನನಗೆ ಆಗಲೇ ಅನಿಸಿತ್ತು. ಉಂಡೆ ಮೈಯ ಗೋಲ್ಡ್‌ಫಿಶ್ ನಿಧಾನಿ, ತಂಪು ನೀರು ಬೇಡುವಂಥದ್ದು, ತಿಂದದ್ದಕ್ಕಿಂತ ಹೆಚ್ಚು ಹೊಲಸು ಮಾಡುವಂಥದ್ದು. ಒಂದೊಂದಕ್ಕೂ ಎರಡು ಮೂರು ಕೊಡ ನೀರಿನಷ್ಟು ಜಾಗ ಬೇಕು. ಆ ಕಪ್ಪು ಮೀನಿಗೆ ಬೆಚ್ಚನೆಯ ನೀರು ಬೇಕು, ತನ್ನದೇ ಒಂದು ಗಡಿ ಬೇಕು. ಗಡಿಯೊಳಗೆ ಕಾಲಿಟ್ಟವರ ಬಾಲ ಅದು ಬಿಡುವುದಿಲ್ಲ. ಎರಡಡಿಯ ಪೆಟ್ಟಿಗೆಯಲ್ಲಿ ಗಡಿ ಎಂದರೆ ಇಡೀ ಪೆಟ್ಟಿಗೆಯೇ. ನಾನು ಇದನ್ನೆಲ್ಲ ಹೇಳಿದೆ, ಮನೆಯಲ್ಲಿ ಯಾರೂ ಕಿವಿಗೊಡಲಿಲ್ಲ.

ಕೆಲವು ದಿನ ಕಳೆದ ಮೇಲೆ ಅಣ್ಣ ಕಚೇರಿಯಿಂದ ಎದೆ ಹಿಡಿದುಕೊಂಡು ಬಂದ. ಮೆಟ್ಟಿಲಲ್ಲೇ ಕುಳಿತುಬಿಟ್ಟ, ಅಂಗಿ ಬೆವರಿನಿಂದ ತೊಯ್ದಿತ್ತು. ಸ್ವಲ್ಪ ಹೊತ್ತಿಗೆ ನೋವು ಇಳಿಯಿತು. ಒಳಗೆ ಬಂದು ನೋಡಿದರೆ ಒಂದು ಗೋಲ್ಡ್‌ಫಿಶ್ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು.

ಜನ್ಮದಲ್ಲಿ ಮೀನು ಮುಟ್ಟದ ಅವ್ವ ಅವತ್ತು ಅದನ್ನು ಬಾಳೆಲೆಯಲ್ಲಿ ಎತ್ತಿಕೊಂಡಳು. ಅರಿಸಿನ ಕುಂಕುಮ ಹಚ್ಚಿ ಅಣ್ಣನ ತಲೆಯ ಸುತ್ತ ನಿವಾಳಿಸಿ, ಮೂರು ದಾರಿ ಕೂಡುವಲ್ಲಿ ಇಟ್ಟು, ಹಿಂದೆ ನೋಡದೆ ಬಂದು ಸ್ನಾನ ಮಾಡಿದಳು. ಅವಳ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ಅಲ್ಲಿಂದ ಮುಂದೆ ಅದೇ ರೂಢಿಯಾಯಿತು. ಅಣ್ಣನಿಗೆ ಎದೆನೋವು ಬರುವುದು, ಅವನು ಮೀನಿನ ಮುಂದೆ ಹೋಗಿ ಕೂರುವುದು. ಹೊಲಸು ನೀರು, ಹರಿದ ಬಾಲಗಳು, ಮೇಲೆ ನಮ್ಮೂರ ಬಿಸಿಲು. ಆ ಪೆಟ್ಟಿಗೆಯಲ್ಲಿ ಸಾವಿಗೆ ಬರವಿರಲಿಲ್ಲ. ಯಾವುದಾದರೂ ಒಂದು ಸಾಯುತ್ತಿತ್ತು, ನೋವೂ ತಾನಾಗಿ ಇಳಿಯುತ್ತಿತ್ತು.

"ದವಾಖಾನಿಗೆ ಹೋಗೋಣ ನಡಿ," ಎಂದು ನಾನು ಕೂಗಾಡಿದರೆ ಅಣ್ಣನದು ಒಂದೇ ಮಾತು. "ಅಪ್ಪ ತನ್ನ ಕಾಲಿಲೆ ನಡಕೋತ ಒಳಗ ಹೋದಾಂವ, ನಾಲ್ಕು ಮಂದಿ ಹೆಗಲ ಮ್ಯಾಲ ಹೊರಗ ಬಂದ. ನಾ ಅಲ್ಲಿಗಿ ಬರಂಗಿಲ್ಲ. ನನಗೇನಾಗ್ಯದ? ಗ್ಯಾಸ್ ಅದ."

"ಗ್ಯಾಸ್ ಆಗಿದ್ರ ಮೀನ್ಯಾಕ ಕಾಯ್ತಿ?" ಎಂದೆ. ಅವನು ನಕ್ಕುಬಿಟ್ಟ. ಅವನ ನಗುವಿನ ಹಿಂದಿದ್ದ ಹೆದರಿಕೆ ನನಗೆ ಕಾಣುತ್ತಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು.

ಜಗಳದಿಂದ ಆಗದ ಕೆಲಸವನ್ನು ಉಪಾಯದಿಂದ ಮಾಡಬೇಕೆಂದುಕೊಂಡೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮೀನು ಸಾಯುವುದು ನಿಂತರೆ ಅಣ್ಣನಿಗೆ ಆಸರೆ ತಪ್ಪುತ್ತದೆ. ಆಗಲಾದರೂ ಡಾಕ್ಟರ ಮುಂದೆ ಹೋಗಿ ಕೂರುತ್ತಾನೆ.

ಕಪನೂರಿನ ವರ್ಕ್‌ಶಾಪೊಂದರಲ್ಲಿ ದಪ್ಪ ಗಾಜಿನ ನಾಲ್ಕಡಿಯ ಪೆಟ್ಟಿಗೆ ಮಾಡಿಸಿದೆ, ಕೆಳಗೆ ಕಬ್ಬಿಣದ ಸ್ಟ್ಯಾಂಡು. ದೊಡ್ಡ ಪೆಟ್ಟಿಗೆ ಎಂದರೆ ಇನ್ನೂ ಪುಣ್ಯ ಎಂದು ಅವ್ವ ಖುಷಿಪಟ್ಟಳು. ನಲ್ಲಿ ನೀರಿನ ಔಷಧದ ವಾಸನೆ ಹೋಗುವ ತನಕ ನೀರು ತೆರೆದಿಟ್ಟೆ. ಹಳೆಯ ಮೀನುಗಳಲ್ಲಿ ಜೀವ ಹಿಡಿದುಕೊಂಡಿದ್ದ ನಾಲ್ಕನ್ನು ಮಾತ್ರ ಬಿಟ್ಟೆ. ಅಡಗಿಕೊಳ್ಳಲು ಶಹಾಬಾದ್ ಕಲ್ಲಿನ ತುಂಡುಗಳನ್ನು ಗುಡ್ಡೆಯಾಗಿ ಜೋಡಿಸಿದೆ. "ಎಂಟು ಆಗ್ಲಿಲ್ಲಲ್ಲ?" ಎಂದಳು ಅವ್ವ. "ಒಮ್ಮೆಲೆ ಬಿಟ್ರ ನೀರು ಕೆಡ್ತದ, ಸಾವಕಾಶ ಬಿಡೋಣು," ಎಂದು ಸಮಾಧಾನ ಹೇಳಿದೆ. ಕಪ್ಪು ಶಾರ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ಕಮಲಾಪುರಕ್ಕೆ ಒಯ್ದು, ಶಾಲೆಯ ಲ್ಯಾಬಿನ ಪೆಟ್ಟಿಗೆಗೆ ಹಾಕಿದೆ. ಅಲ್ಲಿದ್ದ ಬಾರ್ಬ್ ಮೀನುಗಳು ಅದಕ್ಕಿಂತ ಚುರುಕು, ಅದಕ್ಕೆ ಸಿಗುವಂಥವಲ್ಲ. ಮನೆಗೆ ಅದರ ಬದಲು ಗುಡ್ಡೆಗಣ್ಣಿನ ಸಾಧು ಕಪ್ಪು ಗೋಲ್ಡ್‌ಫಿಶ್ ಒಂದನ್ನು ಹುಡುಕಿ ತಂದೆ.

ಸಾವು ನಿಂತಿತು. ನೀರು ತಿಳಿಯಾಯಿತು, ಹರಿದ ಬಾಲಗಳು ಬೆಳೆದವು. ಶಾಲೆಯಿಂದ ಬಂದವಳು ಚಹಾ ಹಿಡಿದು ಅವುಗಳ ಮುಂದೆ ಕೂರುವಾಗ ಗೆದ್ದೆನೆಂದು ನನಗೆ ಹೆಮ್ಮೆ.

ಹೋಳಿ ಮುಗಿದು ಬಿಸಿಲು ಏರಿತು, ಅಣ್ಣನ ನೋವು ಮತ್ತೆ ಬಂತು. ಅವನು ಎದ್ದು ಮೀನಿನ ಮುಂದೆ ಹೋದ. ಎಲ್ಲವೂ ಬಾಲ ಆಡಿಸುತ್ತ ಅವನ ಬೆರಳ ಹತ್ತಿರ ಬಂದವು. ಅವನ ಮುಖ ಬಿಳಿಚಿತು. ಈಗ ಬರುತ್ತಾನೆ ದಾರಿಗೆ ಎಂದುಕೊಂಡೆ. "ನಾಳೆ ರಜಾ ಹಾಕ್ತೀನಿ, ಡಾಕ್ಟರ ಕಡೆ ಹೋಗೋಣು," ಎಂದೆ. ಅವನು ಇಲ್ಲ ಎನ್ನಲಿಲ್ಲ. ಸೋಮವಾರ ಹೋಗೋಣ ಎಂದ. ಅಂದು ನನಗೆ ಎಷ್ಟು ಸಂತೋಷವಾಯಿತೆಂದರೆ ಅವ್ವನ ಕಡೆ ನಾನು ನೋಡಲೇ ಇಲ್ಲ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೀನುಗಳನ್ನೇ ದಿಟ್ಟಿಸುತ್ತಿದ್ದಳಂತೆ. ಅಣ್ಣ ಆಮೇಲೆ ಹೇಳಿದ.

ಶನಿವಾರ ಶಾಲೆಯಲ್ಲಿ ಹತ್ತನೆಯವರ ವಿಶೇಷ ಪಾಠವನ್ನೂ ಮುಗಿಸಿ ಸಂಜೆ ಲ್ಯಾಬಿಗೆ ಹೋದರೆ ಪೆಟ್ಟಿಗೆಯಲ್ಲಿ ಶಾರ್ಕ್ ಇರಲಿಲ್ಲ. ಶಾಲೆಯ ಆಯಾ ಸಹಜವಾಗಿ ಹೇಳಿದಳು: "ನಿಮ್ಮ ಅವ್ವಾರು ಮುಂಜಾನಿ ನೀವು ಕ್ಲಾಸಿನ್ಯಾಗ ಇದ್ದಾಗ ಬಂದಿದ್ರಲ್ರೀ ಟೀಚರ್. ಕಮಲಾಪುರದ ಕೆಂಪು ಬಾಳಿಹಣ್ಣು ಒಯ್ಲಾಕ ಬಂದಿನಿ ಅಂದ್ರು. ಕರೀ ಮೀನ ನಂದೇ ಅದ ಅಂದು ಡಬ್ಬಿದಾಗ ಹಾಕ್ಕೊಂಡು ಹೋದ್ರು."

ಮನೆ ಬಿಟ್ಟು ಒಬ್ಬಳೇ ಎಲ್ಲಿಗೂ ಹೋಗದವಳು. ಬಸ್ಸಿನಲ್ಲಿ ನೀರು ಕುಡಿದರೂ ಮಡಿ ಕೆಟ್ಟಿತೆನ್ನುವವಳು. ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು, ಒಳಗಿನ ಮೀನು ಮುಚ್ಚಳಕ್ಕೆ ಬಡಿಯುವುದನ್ನು ಕೇಳುತ್ತ ಅವಳು ಕಲಬುರಗಿಯ ತನಕ ಕುಳಿತು ಹೋಗಿದ್ದಾಳೆ. ನಾನು ಮನೆಗೆ ಫೋನು ಮಾಡಿದೆ. ಯಾರೂ ಎತ್ತಲಿಲ್ಲ. ಬಸ್ಸು ತಾಜಸುಲ್ತಾನಪುರದ ಹತ್ತಿರ ಬರುವ ತನಕ ಮತ್ತೆ ಮತ್ತೆ ಮಾಡುತ್ತಲೇ ಇದ್ದೆ.

ಮನೆ ಸೇರಿದಾಗ ದೇವರಿಗೆ ದೀಪ ಹಚ್ಚುವ ಹೊತ್ತು. ದೇವರ ಮನೆ ಕತ್ತಲಾಗಿತ್ತು. ಪಡಸಾಲೆಯಲ್ಲಿ ಮೀನಿನ ಪೆಟ್ಟಿಗೆಯ ಲೈಟೊಂದೇ ಉರಿಯುತ್ತಿತ್ತು, ಅದರ ಮುಂದೆ ಎರಡು ಕುರ್ಚಿ. ಒಂದರಲ್ಲಿ ಅವ್ವ, ಕೈಯಲ್ಲಿ ಜಪಮಣಿ. ಇನ್ನೊಂದರಲ್ಲಿ ಅಣ್ಣ, ಎಡಗೈ ಎದೆಗೆ ಒತ್ತಿಕೊಂಡು. ತುಟಿ ನೀಲಿಯಾಗಿತ್ತು. ಅವ್ವನ ಪಕ್ಕದಲ್ಲಿ ಬಾಳೆಲೆ, ಅರಿಸಿನ, ಕುಂಕುಮ ಎಲ್ಲ ಸಿದ್ಧವಾಗಿದ್ದವು.

"ಯಾವಾಗಿಂದ ನೋವು?" ಎಂದು ಚೀರಿದೆ.

"ಮಧ್ಯಾಹ್ನದಿಂದ," ಎಂದಳು ಅವ್ವ ಕಣ್ಣು ಕದಲಿಸದೆ. "ಗದ್ಲ ಮಾಡಬ್ಯಾಡ. ಕರೇದು ಬೆನ್ನ ಹತ್ಯದ ನೋಡು. ಇನ್ನೇನ್ ಒಂದು ಹೋಗ್ತದ."

"ತಡಿ ತಂಗಿ," ಎಂದ ಅಣ್ಣ. "ಒಂದು ಹೋದ್ರ ನಿಲ್ತದ."

ಶಾರ್ಕ್ ನಿಜವಾಗಿಯೂ ಬೆನ್ನು ಹತ್ತಿತ್ತು. ಆದರೆ ಪೆಟ್ಟಿಗೆ ನಾಲ್ಕಡಿಯದು. ಅದು ಎಡಗಡೆಯ ಮೂಲೆ ತನ್ನದೆಂದು ಹಿಡಿದುಕೊಂಡು, ಹತ್ತಿರ ಬಂದದ್ದನ್ನು ಅರ್ಧದ ತನಕ ಅಟ್ಟಿ ತಿರುಗಿ ಹೋಗುತ್ತಿತ್ತು. ಗೋಲ್ಡ್‌ಫಿಶ್‌ಗಳು ಬಲಗಡೆಗೆ, ನಾನು ಜೋಡಿಸಿದ ಕಲ್ಲುಗಳ ಹಿಂದೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದವು. ಒಂದರ ಬಾಲವೂ ಹರಿದಿರಲಿಲ್ಲ.

ನಾನು ಓಡಿಹೋಗಿ ಆಟೋ ತಂದೆ, ಪಕ್ಕದ ಮನೆಯವರು ಅವನನ್ನು ಎತ್ತಿ ಕೂರಿಸಿದರು. ದವಾಖಾನೆಯ ಗೇಟು ಕಾಣುವ ಮುಂಚೆಯೇ ಅವನ ತಲೆ ನನ್ನ ಭುಜದ ಮೇಲೆ ಭಾರವಾಯಿತು. ಇಡೀ ಮಧ್ಯಾಹ್ನ ಕೈಯಲ್ಲಿತ್ತಲ್ಲ, ಆಗಲೇ ಯಾಕೆ ಕರೆತರಲಿಲ್ಲ ಎಂದು ಡಾಕ್ಟರು ನನ್ನನ್ನು ಕೇಳಿದರು.

ಅಣ್ಣನ ಕರ್ಮಗಳೆಲ್ಲ ಮುಗಿದ ಮೇಲೆ ಮೀನುಗಳನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದೆ. ಅವ್ವ ಬೇಡವೆಂದಳು. ಶಾರ್ಕನ್ನು ಶಾಲೆಗೆ ತಿರುಗಿ ಒಯ್ದೆ. ಉಳಿದವು ಇಲ್ಲೇ ಇವೆ, ಅಂಗೈಯಷ್ಟಾಗಿವೆ. ಕಾಳು ಹಾಕುವವಳು ಅವ್ವನೇ. ಅವಳ ನೆರಳು ಕಂಡರೆ ಸಾಕು, ಎಲ್ಲವೂ ಗಾಜಿಗೆ ಬಾಯಿ ಹಚ್ಚುತ್ತವೆ.

ಮೊನ್ನೆ ಭಾನುವಾರ ನಾನು ನೀರು ಬದಲಾಯಿಸುತ್ತಿದ್ದೆ. ಅವ್ವ ಬಂದು ಪಕ್ಕದಲ್ಲಿ ನಿಂತಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ತರಗತಿಯಲ್ಲಿ ತಿಳಿಯದ್ದನ್ನು ಮಕ್ಕಳು ಕೇಳುವ ಹಾಗೆ ಕೇಳಿದಳು.

"ಇಷ್ಟು ದೊಡ್ಡ ಪೆಟಿಗಿ ಯಾಕ ತಂದಿ? ಒಂದರೆ ಸಾಯ್ತಿತ್ತಲ್ಲ."

ನಾನು ತುಂಬಿದ ಕೊಡವನ್ನು ಎತ್ತಿ ಪೆಟ್ಟಿಗೆಗೆ ಸುರಿದೆ, ಇನ್ನೊಂದನ್ನು ತರಲು ಬಚ್ಚಲಿಗೆ ಹೋದೆ.