ಕಂಪನಿ ಕೊಟ್ಟ ಸದ್ದು

ಬಾಬುಸಾಬರು ಸೈಕಲ್ಲಿನ ಸಮಾಚಾರ ಕೇಳುತ್ತಿದ್ದುದು ಹಲ್ಲಿನಿಂದ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಲ್ಲಿ ಕಚ್ಚಿ, ತುದಿಯನ್ನು ಸೈಕಲ್ಲಿನ ಮೈಗೆ ಒತ್ತಿ, ಕಣ್ಣು ಮುಚ್ಚಿಕೊಂಡು ಪೆಡಲು ತಿರುಗಿಸುತ್ತಿದ್ದರು. ಹಾಗೆ ಮಾಡಿದರೆ ಸದ್ದು ಕಿವಿಯ ತಂಟೆಗೆ ಹೋಗದೆ ಸೀದಾ ತಲೆಗೆ ಹೋಗುತ್ತದಂತೆ. ಆಗ ಯಾರಾದರೂ ಬಂದು "ಸಾಬ್ರೆ, ಪಂಚರ್" ಅಂದರೆ ಸ್ಕ್ರೂಡ್ರೈವರ್ ಬಾಯಲ್ಲಿಟ್ಟುಕೊಂಡೇ ಬೈಯುತ್ತಿದ್ದರು. ಏನು ಬೈದರೆಂದು ಯಾರಿಗೂ ತಿಳಿಯುತ್ತಿರಲಿಲ್ಲ, ಬೈದರೆಂಬುದು ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು. ನ್ಯಾಮತಿ ಬಸ್‌ಸ್ಟ್ಯಾಂಡಿನಲ್ಲಿ ಹೊನ್ನಾಳಿ ಬಸ್ಸಿಗೆ ಕಾಯುವವರಿಗೆ ಇದೊಂದು ಪುಕ್ಕಟೆ ನಾಟಕ.

ಅವರ ಅಂಗಡಿಯಲ್ಲಿ ಹೊಸ ಸೈಕಲ್ಲು ಕಂಡವರಿಲ್ಲ. ಬಡವರ ಕೈಗೆಟುಕಲಿ ಎಂದು ಒಂದು ಕಾಲದಲ್ಲಿ ನಮ್ಮ ಕಾರ್ಖಾನೆಗಳೇ ಮಾಡುತ್ತಿದ್ದ ದಪ್ಪ ಕಬ್ಬಿಣದ ಕರೀ ಸೈಕಲ್ಲುಗಳಿದ್ದವಲ್ಲ, ಅವುಗಳಿಗೆ ಮರುಜೀವ ಕೊಡುವುದೇ ಅವರ ಕಸುಬು. ಗೇರ್ ಇರುವ ಬಣ್ಣಬಣ್ಣದ ಸೈಕಲ್ಲುಗಳನ್ನು ಅವರು ಮಿಠಾಯಿ ಎಂದು ಕರೆಯುತ್ತಿದ್ದರು. "ಅದರ ಪಾರ್ಟು ಒಂದೊಂದೂ ಒಂದೊಂದು ದೇಶದ್ದು. ಒಂದಕ್ಕೊಂದು ಭಾಷೆ ಬರಾದಿಲ್ಲ. ಜಗಳಾಡದೆ ಇನ್ನೇನು ಮಾಡ್ತಾವೆ?" ಎನ್ನುವರು.

ಕರೀ ಸೈಕಲ್ಲು ಮಾಡುತ್ತಿದ್ದ ದೊಡ್ಡ ಕಾರ್ಖಾನೆಯೊಂದು ಮುಚ್ಚಿತೆಂಬ ಸುದ್ದಿ ಬಂದ ದಿನ ಬಾಬುಸಾಬರು ಅಂಗಡಿಯ ಬಾಗಿಲೆಳೆದು ಹೊರಗೆ ತಲೆ ತಗ್ಗಿಸಿ ಕೂತರು. ಕೇಳಿದವರಿಗೆಲ್ಲ "ಸಾವಾಗೈತೆ" ಎಂದಷ್ಟೇ ಹೇಳಿದರು. ಪಾಪ, ಬೀದಿಯವರು ಚಹಾ ಮಾಡಿಸಿ ತಂದರು, ಹೂವಿನಂಗಡಿಯ ಗಂಗಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಚಹಾ ಕುಡಿದು ಮುಗಿದ ಮೇಲೆ ಯಾರೋ ಮೆಲ್ಲಗೆ "ಯಾರು ಹೋದದ್ದು ಸಾಬ್ರೆ?" ಎಂದರು. "ಕಂಪನಿ" ಎಂದರು ಬಾಬುಸಾಬರು. ಗಂಗಮ್ಮ ಅತ್ತಿದ್ದನ್ನು ವಾಪಸ್ ಕೇಳುವವಳಂತೆ ಅವರನ್ನು ನೋಡಿದಳು.

ಸತ್ತ ಕಂಪನಿಯ ಮರ್ಯಾದೆ ತಮ್ಮ ಕೈಯಲ್ಲಿದೆ ಎಂದು ಅಂದಿನಿಂದ ಅವರಿಗೆ ಖಾತ್ರಿಯಾಯಿತು. ಸೈಕಲ್ಲು ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಆಗಬೇಕು, ಕುಂದುಕೊರತೆ ಸಮೇತ. ಒಮ್ಮೆ ಕೆರೆಬಿಳಚಿಯ ಗಿರಾಕಿಯೊಬ್ಬರು ರಿಪೇರಿಯಾದ ಸೈಕಲ್ಲನ್ನು ಒಂದು ಸುತ್ತು ಹೊಡೆದು ಬಂದು, "ಏನ್ರೀ ಇದು, ಮಡ್‌ಗಾರ್ಡ್ ಗಡಗಡ ಅಂತೈತಲ್ಲ" ಎಂದು ರೇಗಿದರು.

"ಅದನ್ನೇ ಅಲ್ವೇನ್ರಿ ರಿಪೇರಿ ಮಾಡಿದ್ದು? ನೀವು ತಂದಾಗ ಅದು ತುಕ್ಕು ಹಿಡಿದು ಗಪ್‌ಚಿಪ್ ಆಗಿತ್ತು. ಕಂಪನಿ ಕೊಟ್ಟ ಸದ್ದು ತೆಗೆಯಾಕೆ ನಾನ್ಯಾರು?"

ಇಂಥವರ ಕೈಗೆ ನಾನು ನಮ್ಮಪ್ಪನ ಸೈಕಲ್ಲು ಕೊಟ್ಟೆ. ಅಪ್ಪ ಊರಿಗೆಲ್ಲ ಲೈನ್‌ಮನ್ ಶಿವಣ್ಣ. ಕರೆಂಟು ಹೋದಾಗ ಓಣಿಯ ಜನ ಕತ್ತಲಲ್ಲಿ ಕೂತು ಕಾಯುತ್ತಿದ್ದುದೇ ಅವರ ಸೈಕಲ್ಲಿನ ಸದ್ದಿಗೆ. ಮೊದಲು ಕೊಂಯ್, ಹಿಂದೆಯೇ ಒಂದು ಟಕ್. ಕೊಂಯ್ ಟಕ್, ಕೊಂಯ್ ಟಕ್. ಅದು ಕೇಳಿತೆಂದರೆ ಅಮ್ಮ ಒಳಗೆ ಒಲೆಯ ಮೇಲೆ ಹಂಚಿಡುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಸೈಕಲ್ಲು ಹಿತ್ತಲಲ್ಲಿ ತುಕ್ಕು ತಿನ್ನುತ್ತ ನಿಂತಿತು. ಅಮ್ಮ ರೊಟ್ಟಿಯನ್ನು ಬೆಳಿಗ್ಗೆಯೇ ಬಡಿದಿಟ್ಟು ಸಂಜೆಯ ಹೊತ್ತು ಸುಮ್ಮನೆ ಕೂರತೊಡಗಿದರು. ಅವರನ್ನು ಹಾಗೆ ನೋಡಲು ನನಗೆ ಆಗುತ್ತಿರಲಿಲ್ಲ. ಅಮ್ಮನಿಗೆ ಗೊತ್ತಾಗದಂತೆ ಸೈಕಲ್ಲನ್ನು ಸರಿಮಾಡಿಸಿ, ನನ್ನ ಟೇಲರಿಂಗ್ ಅಂಗಡಿಯಿಂದ ಒಂದು ಸಂಜೆ ಅದರ ಮೇಲೇ ಮನೆಗೆ ಬಂದು, ಆ ಸದ್ದು ಅವರ ಕಿವಿಗೆ ಬೀಳಿಸಬೇಕೆಂದು ಹಟ ಹಿಡಿದೆ. "ಸಣ್ಣ ರಿಪೇರಿಗೆ ಕೊಟ್ಟೀನಿ" ಎಂದಷ್ಟೇ ಅಮ್ಮನಿಗೆ ಹೇಳಿದೆ.

ಕೊಂಯ್ ಸುಲಭಕ್ಕೆ ಸಿಕ್ಕಿತು. ಅದು ಸೀಟಿನ ಸ್ಪ್ರಿಂಗಿನದು. ಹಳೆಯದು ಮುರಿದಿದ್ದರಿಂದ ಬಾಬುಸಾಬರು ಚನ್ನಗಿರಿಯ ಗುಜರಿಯಲ್ಲಿ ಅದೇ ಕಂಪನಿಯದನ್ನು ಹುಡುಕಿ ತಂದರು. ಅದು ಕೂಗಲಿಲ್ಲವೆಂದು ಉಪ್ಪುನೀರಿನಲ್ಲಿ ನೆನೆಹಾಕಿ, ದಿನಾ ಮೇಲೆತ್ತಿ ಒತ್ತಿ ನೋಡಿ, ಉಪ್ಪಿನಕಾಯಿಯ ಹಾಗೆ ಜೋಪಾನ ಮಾಡಿದರು. ಟಕ್ ಮಾತ್ರ ಸಿಗಲೇ ಇಲ್ಲ. ಪೆಡಲು ಬದಲಾಯಿಸಿದರು, ಚೈನು ಬದಲಾಯಿಸಿದರು, ಬೇರಿಂಗಿನಿಂದ ಒಂದು ಗುಂಡು ತೆಗೆದು ನೋಡಿದರು. ಜಗಳೂರಿಗೆ ಮದುವೆಗೆಂದು ಹೋದವರು ಊಟ ಬಿಟ್ಟು ಅಲ್ಲಿಯ ಗುಜರಿ ಜಾಲಾಡಿ ಚೈನ್‌ಕವರ್ ತಂದು ಹೆಂಡತಿಯ ಕೈಲಿ ಉಗಿಸಿಕೊಂಡರು.

ಕೊನೆಗೆ ಸಾಕ್ಷಿ ಕರೆಸಿದರು. ಹಿಟ್ಟಿನ ಗಿರಣಿ ರುದ್ರಪ್ಪನವರೂ ಗಂಗಮ್ಮನೂ ಅಂಗಡಿಯ ಬೆಂಚಿನ ಮೇಲೆ ಕೂತರು. ಬಾಬುಸಾಬರು ಪೆಡಲು ತಿರುಗಿಸಿದರು.

"ಹಂಗಲ್ಲ ಸಾಬ್ರೆ. ಶಿವಣ್ಣಂದು ಟಕ್. ಇದು ಟಿಕ್ ಅಂತೈತೆ," ಎಂದರು ರುದ್ರಪ್ಪ.

"ಟಕ್ಕೂ ಅಲ್ಲ, ಟೊಕ್," ಎಂದಳು ಗಂಗಮ್ಮ. "ಗಿರಣಿ ಸದ್ದಿನಾಗೆ ಕಿವಿ ಕಳಕೊಂಡೋರಿಗೆ ಏನು ಗೊತ್ತಾಗ್ತೈತೆ?"

ಹೀಗೆ ಟಕ್ ಟೊಕ್ ಎಂದು ಇಬ್ಬರೂ ಮಾತು ಬಿಟ್ಟರು. ಬಾಬುಸಾಬರು ತಲೆ ಕೆಟ್ಟು, ಡಾಲ್ಡಾ ಡಬ್ಬಿಯ ತಗಡನ್ನು ಕತ್ತರಿಸಿ ಎಡ ಪೆಡಲಿನ ಬಳಿ ಸಿಕ್ಕಿಸಿ ಒಂದು ಟಕ್ ಬರಿಸಿದರು. ಆದರೆ ಕಳ್ಳಸದ್ದು ಕೊಟ್ಟು ಕಳಿಸಲು ಅವರಿಗೇ ಮನಸ್ಸಿಲ್ಲ. "ನಾಳೆ ಬಾ ಬೇಟಿ, ನಾಳೆ ಬಾ," ಎಂದು ದಿನ ತಳ್ಳಿದರು.

ಇಷ್ಟರಲ್ಲಿ ಅಮ್ಮನ ತಾಳ್ಮೆ ತೀರಿತು. ಒಂದು ದಿನ ಸೀದಾ ಅಂಗಡಿಗೆ ಹೋಗಿ ನಿಂತರು. ನಾನು ಹಿಂದೆಯೇ ಓಡಿದೆ.

"ನಮ್ಮನೆಯವರ ಸೈಕಲ್ಲು ಮಾರಿಬಿಟ್ರೇನು ಸಾಬ್ರೆ? ಒಂದು ರಿಪೇರಿಗೆ ಇಷ್ಟು ದಿನ ಬೇಕಾ?"

ಬಾಬುಸಾಬರು ಸೈಕಲ್ಲನ್ನು ತಂದು ಅವರೆದುರು ನಿಲ್ಲಿಸಿದರು. "ಎಲ್ಲಾ ಆಗೈತೆ ಅಕ್ಕೋರೆ. ಟಕ್ ಒಂದು ಬರವಲ್ದು. ಯಾವ ಪಾರ್ಟಿಂದೋ ಗೊತ್ತಾಗ್ತಿಲ್ಲ," ಎಂದು ಅಪರಾಧಿಯ ಹಾಗೆ ಹೇಳಿದರು.

ಅಮ್ಮ ಸೀಟಿನ ಮೇಲೆ ಕೈ ಒತ್ತಿದರು. ಕೊಂಯ್ ಎಂದಿತು. ಮತ್ತೊಮ್ಮೆ ಒತ್ತಿದರು.

"ಇದು ಸೈ. ಆ ಟಕ್ ಅನ್ನಾದು ಸೈಕಲ್ಲಿಂದಲ್ಲ. ಅದು ಅವರ ಮಂಡಿದು. ಕಂಬದಿಂದ ಬಿದ್ದ ಮೇಲೆ ಮಡಿಸಿದಾಗೆಲ್ಲ ಟಕ್ ಅಂತಿತ್ತು. ದಿನಾ ಎಣ್ಣೆ ತಿಕ್ಕಿದೋಳು ನಾನು."

"ಮೊದಲೇ ಹೇಳಬಾರದಿತ್ತೇನಮ್ಮ?" ಎಂದೆ ನಾನು.

"ಊರನ್ನೆಲ್ಲ ಕೇಳಿದ್ರಿ. ನನ್ನನ್ಯಾರು ಕೇಳಿದ್ರು?"

ಬಾಬುಸಾಬರು ಬಹಳ ಗಂಭೀರವಾಗಿ "ಎಡದ್ದೋ, ಬಲದ್ದೋ?" ಎಂದರು. ಎಡದ್ದು ಎಂದರು ಅಮ್ಮ. "ಅದಕ್ಕೇ ನೋಡ್ರಿ, ಎಡ ಪೆಡಲು ಮೇಲೆ ಬಂದಾಗಷ್ಟೇ ಟಕ್ ಅಂತಿತ್ತು," ಎಂದು ತಲೆದೂಗಿದರು. ಆಮೇಲೆ ತಗಡು ತೋರಿಸಿ, "ಇದು ಇರಲೇನು ಅಕ್ಕೋರೆ?" ಎಂದು ಕೇಳಿದರು.

"ತೆಗೀರಿ. ತಗಡಿನ ಮಂಡಿ ಕಟ್ಕೊಂಡು ನಾನೇನು ಮಾಡ್ಲಿ?" ಎಂದ ಅಮ್ಮನಿಗೆ ತಮ್ಮ ಮಾತಿಗೆ ತಮಗೇ ನಗು ಬಂತು. ಬಸ್‌ಸ್ಟ್ಯಾಂಡೆಲ್ಲ ತಿರುಗಿ ನೋಡುವಂತೆ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಬಾಬುಸಾಬರು ತಗಡು ಕಿತ್ತು ಜೇಬಿಗೆ ಹಾಕಿಕೊಂಡು, "ಕಂಪನಿದಾಗಿದ್ರೆ ಎಲ್ಲಿಂದಾದ್ರೂ ತರ್ತಿದ್ದೆ," ಎಂದರು.

ಆ ಮಳೆಗಾಲ ಕಳೆದ ಮೇಲೆ ಬಾಬುಸಾಬರು ಅಂಗಡಿ ಮುಚ್ಚಿ ಸಾಸ್ವೆಹಳ್ಳಿಯ ಮಗಳ ಮನೆಗೆ ಹೋದರು. ಹೋಗುವ ದಿನ ನಮ್ಮ ಮನೆಗೆ ಬಂದು ಸೈಕಲ್ಲಿನ ಸೀಟು ಒಂದು ಸಲ ಒತ್ತಿ, ಸದ್ದು ಕೇಳಿ, ಚಹಾ ಕೂಡ ಕುಡಿಯದೆ ಹೊರಟರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಈ ರಂಜಾನಿಗೆ ಮುಂಚೆ ತೀರಿಕೊಂಡರೆಂದು ಗಂಗಮ್ಮ ಬಂದು ಹೇಳಿದಳು, ಈ ಸಲ ಯಾರು ಹೋದದ್ದು ಎಂದು ವಿಚಾರಿಸಿಕೊಂಡೇ ಅತ್ತೆನೆಂದಳು.

ಸೈಕಲ್ಲನ್ನು ಈಗ ನಾನೇ ಓಡಿಸುತ್ತೇನೆ. ಈಚೆಗೆ ಒಂದು ಸಂಜೆ ಅಂಗಡಿಯಿಂದ ಮನೆ ಕಡೆ ತುಳಿದು ಬರುತ್ತಿದ್ದಾಗ ಕೊಂಯ್ ಎಂದದ್ದರ ಹಿಂದೆಯೇ ಸಣ್ಣಗೆ ಟಕ್ ಎಂದಿತು. ಇಳಿದು ಪೆಡಲು ತಿರುಗಿಸಿದೆ, ಸದ್ದಿಲ್ಲ. ಹತ್ತಿ ತುಳಿದೆ, ಟಕ್. ಎಡಮಂಡಿಯ ಮೇಲೆ ಕೈಯಿಟ್ಟು ನೋಡಿದೆ, ನನ್ನದೇ. ಬಾಗಿಲಿಗೆ ಬರುವಷ್ಟರಲ್ಲಿ ಅಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನಿಂತಿದ್ದರು. ನನ್ನ ಮುಖ ನೋಡಲಿಲ್ಲ, ಮಂಡಿಯನ್ನೇ ನೋಡಿದರು.

"ಬಾಬುಸಾಬ್ರಿಗೆ ಹೇಳಿಕಳ್ಸೇ, ಪಾರ್ಟು ಸಿಕ್ತು ಅಂತ," ಎಂದರು.

ಹೇಳಿಬಿಟ್ಟ ಮೇಲೆ ಅವರಿಗೂ ನೆನಪಾಯಿತು. ಒಳಗೆ ಹಂಚು ಕಾದು ಹೊಗೆಯಾಡುತ್ತಿತ್ತು.