ನಿಂತು ತಿರುವಿದ ಮುದ್ದೆ

ನಿಂತುಕೊಂಡು ತಿರುವಿದರೆ ಮುದ್ದೆ ಗಂಟಾಗುತ್ತದೆ ಅನ್ನುವುದು ನಮ್ಮಪ್ಪನ ಸಿದ್ಧಾಂತ. ಜೀವಮಾನದಲ್ಲಿ ಒಂದು ದಿನ ಮುದ್ದೆಕೋಲು ಮುಟ್ಟಿದ ಮನುಷ್ಯನಲ್ಲ. ಆದರೂ ಬಾಯಿ ಬಿಟ್ಟರೆ ಮುದ್ದೆ ಪಂಡಿತ!

ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಅಕ್ಕಿಹೆಬ್ಬಾಳಿನ ಹತ್ತಿರ ನಮ್ಮೂರು. ಒಲೆ ನೆಲದ ಮೇಲೆ. ಅವ್ವ ಕುಕ್ಕರುಗಾಲಲ್ಲಿ ಕೂತು, ಪಾತ್ರೆಯನ್ನು ಕವೆಗೋಲಿನಿಂದ ಅದುಮಿಕೊಂಡು ಮುದ್ದೆ ತಿರುವಬೇಕು. ಆಮೇಲೆ ಏಳಬೇಕಲ್ಲ, ಅದೇ ನರಕ. ಗೋಡೆ ಹಿಡಿದು, 'ಅಯ್ಯಯ್ಯಪ್ಪಾ' ಅಂತ ಅರ್ಧ ಎದ್ದು, ಮತ್ತೆ ಕುಸಿದು ಕೂರೋಳು. ಮಂಡಿ ಸವೆದಿದೆ, ಹೀಗೇ ಕೂತು ಏಳುತ್ತಿದ್ದರೆ ಮುಂದೆ ನಡೆಯೋದೇ ಕಷ್ಟ ಅಂದಿದ್ದರು ಕೆ.ಆರ್. ಪೇಟೆ ಡಾಕ್ಟರು.

ಒಲೆಗೊಂದು ಕಟ್ಟೆ ಕಟ್ಟಿಸೋಣ ಅಂದೆ. ಅಪ್ಪ ನಕ್ಕ.

"ಮನೇನ ಓಟ್ಲು ಮಾಡ್ತೀಯಾ? ನಮ್ಮವ್ವ ಕುಂತ್ಕಂಡೇ ಬೇಯಿಸ್ಲಿಲ್ವಾ? ನಿಂತ್ಕಂಡು ತಿರುವಿದ್ರೆ ಗಂಟಾಯ್ತದೆ ಕಣಮ್ಮಿ. ನಾನಿಲ್ಲಿ ಗದ್ದೇಲಿ ಸಾಯ್ತಾವ್ನಿ, ಇವ್ಳಿಗೆ ಕಟ್ಟೆ ಬೇಕಂತೆ!"

ಟವಲು ಕೊಡವಿ ಹೊರಟ. ಮಂಡಿ ಅವ್ವನದು, ಗಂಟಿನ ಚಿಂತೆ ಮಾತ್ರ ಈ ಮಹಾನುಭಾವನದು. ನನಗೆ ಮೈಯೆಲ್ಲ ಉರಿದುಹೋಯಿತು.

ಅವನು ನೆಂಟರ ಮದುವೆಗೆ ನಾಗಮಂಗಲಕ್ಕೆ ಹೋದದ್ದೇ ತಡ, ಗಾರೆಯವನನ್ನು ಕರೆಸಿದೆ. ಹಿತ್ತಲ ಕಡೆಯ ಕಿಟಕಿ ಕೆಳಗೆ ಇಟ್ಟಿಗೆ ಕಟ್ಟೆ, ಅದಕ್ಕೊಂದು ಕಲ್ಲುಚಪ್ಪಡಿ, ಮೇಲೆ ಒಲೆ. "ಒಂದ್ ಗೇಣು ತಗ್ಸಪ್ಪಾ, ಮುದ್ದೆಗೆ ಮೇಲಿಂದ ಬಲ ಬುಡ್ಬೇಕು" ಅಂದಳು ಅವ್ವ. ತಗ್ಗಿಸಿದ. ಇಷ್ಟೇ ಕೆಲಸ. ಇದಕ್ಕೆ ಇಷ್ಟು ವರ್ಷ, ಥೂ!

ಅಪ್ಪ ಬಂದವನು ಕಟ್ಟೆ ನೋಡಿ ಮುಖ ಗಂಟು ಹಾಕಿಕೊಂಡ. ಊಟಕ್ಕೆ ಕೂತು ಮುದ್ದೆಯನ್ನು ಮುರಿದು, ಹಿಸುಕಿ, ಗಂಟು ಹುಡುಕಿದ. ಸಿಗಲಿಲ್ಲ. ಒಪ್ಪಿಕೊಳ್ಳುವ ದೊಡ್ಡತನ ಎಲ್ಲಿಂದ ಬರಬೇಕು? "ಸಾರ್ಗೆ ಉಪ್ಪು ಕಮ್ಮಿ" ಅಂದು, ಇನ್ನೊಂದು ಮುದ್ದೆ ಹಾಕಿಸಿಕೊಂಡು ತಿಂದು, ಗದ್ದೆಗೆ ಅಂತ ಎದ್ದುಹೋದ.

ಅವ್ವ ಹಾಲು ಕಾಯಿಸಲು ಒಲೆ ಮುಂದೆ ನಿಂತಳು. ಆ ಕಿಟಕಿ ಇಷ್ಟು ವರ್ಷ ಹೊಗೆ ಹೋಗಲಿ ಅಂತ ಒಲೆ ಮುಂದೆ ಕೂತವಳ ತಲೆ ಮೇಲೆಲ್ಲೋ ಇತ್ತು. ಈಗ ಕಣ್ಣಿಗೆ ನೇರ ಸಿಕ್ಕಿತು.

"ಅಮ್ಮೀ, ಬಾ ಇಲ್ಲಿ" ಅಂದಳು.

ಹಿತ್ತಲ ಗೋಡೆಯಾಚೆ, ಹುಣಸೇಮರದ ಕೆಳಗೆ, ಕಾಲು ಚಾಚಿಕೊಂಡು ಅಪ್ಪ ಇಸ್ಪೀಟು ಹಾಕುತ್ತಿದ್ದ. ಜೊತೆಗೆ ಅವನಂಥವೇ ಇನ್ನೂ ಮೂರು.

"ಇದಾ ಗದ್ದೆ?" ಅಂದಳು ಅವ್ವ. "ಪಾಪ, ಬಿಸ್ಲಲ್ಲಿ ಸಾಯ್ತಾವ್ರೆ ಅಂತ ನಾನು ಮಂಡಿ ಸವೆಸ್ಕಂಡು ಬಿಸೀದು ಮಾಡಿಕ್ಕಿದ್ನಲ್ಲಾ."

ಆಮೇಲೆ ಕಿಟಕಿಗೆ ಮುಖವಿಟ್ಟು ಕೂಗಿದಳು: "ಗದ್ದೆ ಕೆಲ್ಸ ಮುಗ್ದಿದ್ರೆ ಎಲ್ಡು ಬಿಂದ್ಗೆ ನೀರು ತಂದಾಕಿ!"

ನಾಲ್ಕೂ ತಲೆ ಒಟ್ಟಿಗೆ ಎದ್ದವು. ಅಪ್ಪನ ಕೈಲಿದ್ದ ಎಲೆ ಕೈಲೇ ಉಳಿಯಿತು.

ಅವತ್ತಿಂದ ನಮ್ಮ ಮನೆಗೆ ನೀರು ತರೋದು ಅಪ್ಪನ ಕೆಲಸ.